ಪನ್ಹಾಳ: ಗಿರಿನಗರವೊಂದರ ಹೆಸರಿನ ಅರ್ಥ ಮತ್ತು ಬಳಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನು ಒಳಗೊಂಡ ಬೆಳಗಾವಿ ಜಿಲ್ಲೆಯ ಉತ್ತರ ಭಾಗವು ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ಬಯಲು. ಈ ಬಯಲಿನ ಮಧ್ಯಕಾಲೀನ ಚರಿತ್ರೆಯನ್ನು ಬರೆಯಹೊರಟವರು ಇಂದಿನ ರಾಜ್ಯದ ಎಲ್ಲೆಯೊಳಗೆ ಮಾತ್ರ ನಿಂತು ಬರೆಯಲು ಬರುವುದಿಲ್ಲ. ದಕ್ಷಿಣದಲ್ಲಿ ಸವದತ್ತಿ, ಬೆಳಗಾವಿಗಳಿಂದ ಆಳಿದ ರಟ್ಟರು. ಪಶ್ಚಿಮದಲ್ಲಿ ವಳವಾಡ, ಕೊಲ್ಲಾಪುರ, ಪನ್ಹಾಳಗಳಿಂದ ಆಳಿದ ಶಿಲಾಹಾರರು. ಉತ್ತರದಿಂದ ಇಳಿದುಬಂದ ದೇವಗಿರಿಯ ಸೇವುಣರು - ಈ ಮೂವರ ನಡುವೆ ಈ ನಾಡಿನ ಹನ್ನೆರಡನೆಯ ಮತ್ತು ಹದಿಮೂರನೆಯ ಶತಮಾನಗಳು ರೂಪುಗೊಂಡವು. ರಟ್ಟರ ಕುರಿತು ಕನ್ನಡದಲ್ಲಿ ಸಾಕಷ್ಟು ವಿವೇಚನೆ ನಡೆದಿದೆ. ಕೊಲ್ಲಾಪುರದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಪನ್ಹಾಳದ ಉಲ್ಲೇಖ ಮಾತ್ರ ಕನ್ನಡ ಬರವಣಿಗೆಯಲ್ಲಿ ಬಹುಮಟ್ಟಿಗೆ ಅಡಿಟಿಪ್ಪಣಿಗೆ ಸೀಮಿತವಾಗಿದೆ. ಅಲ್ಲಿಯೂ ಆ ಹೆಸರು ಒಂದೇ ರೂಪದಲ್ಲಿ ಬರುವುದಿಲ್ಲ. ಪನ್ನಾಲ, ಪ್ರಣಾಲಕ, ಪದ್ಮನಾಲ, ಪನ್ನಗಾಲಯ, ಪರ್ಣಾಲ, ಪನ್ಹಾಳ ಎಂಬ ಹಲವು ರೂಪಗಳು ಒಂದರ ಪಕ್ಕದಲ್ಲೊಂದು, ಎಲ್ಲವೂ ಸಮಾನ ಪ್ರಾಚೀನವೆಂಬಂತೆ, ಪಟ್ಟಿಯಾಗಿ ನಿಲ್ಲುತ್ತವೆ.

ಪಟ್ಟಿ ಮಾಡುವುದು ವಿಮರ್ಶೆಯಲ್ಲ. ಒಂದು ಊರಿಗೆ ಆರು ಹೆಸರುಗಳಿದ್ದರೆ ಅವುಗಳಲ್ಲಿ ಯಾವುದು ಜನರ ಬಾಯಿಯದು, ಯಾವುದು ಪಂಡಿತರ ಲೇಖನಿಯದು, ಯಾವುದು ಕವಿಯ ಚಮತ್ಕಾರ, ಯಾವುದು ಕ್ಷೇತ್ರಮಹಿಮೆಯ ಕಥೆ ಎಂಬುದನ್ನು ಬೇರ್ಪಡಿಸಬೇಕಾಗುತ್ತದೆ. ಹಾಗೆ ಬೇರ್ಪಡಿಸಿ ನೋಡಿದಾಗ ತಿಳಿದುಬರುವುದೇನೆಂದರೆ, ಪನ್ಹಾಳವು ಆರು ಹೆಸರುಗಳ ಊರಲ್ಲ. ಒಂದೇ ಹೆಸರಿನ ಊರು. ಆ ಒಂದು ಹೆಸರಿಗೆ ಪ್ರತಿಯೊಂದು ಯುಗವೂ ತನಗೆ ಬೇಕಾದ ಸಂಸ್ಕೃತದ ಉಡುಪನ್ನು ತೊಡಿಸಿದೆ. ಉಡುಪು ಯುಗದ ಅಗತ್ಯವನ್ನು ತಿಳಿಸುತ್ತದೆ. ಊರಿನ ಮೂಲವನ್ನು ತಿಳಿಸುವುದಿಲ್ಲ.

ರೂಪಗಳು ಮತ್ತು ಅವುಗಳ ನೆಲೆ

ಕೊಲ್ಲಾಪುರದ ಶಿಲಾಹಾರರಲ್ಲಿ ಪನ್ಹಾಳದ ಹೆಸರು ಮುಖ್ಯವಾಗಿ ಹೊಂದಿಕೊಂಡಿರುವುದು ಆ ವಂಶದ ಕೊನೆಯ ಅರಸು ಇಮ್ಮಡಿ ಭೋಜನೊಂದಿಗೆ (ಸು. 1175-1212). ಅವನ ಹಿಂದಿನವರಾದ ಗಂಡರಾದಿತ್ಯ ಮತ್ತು ವಿಜಯಾದಿತ್ಯರ ಕಾಲದ ಶಾಸನಗಳಲ್ಲಿ ಎದ್ದುಕಾಣುವ ನೆಲೆವೀಡು ವಳವಾಡ. ವಿಜಯಾದಿತ್ಯನ 1143ರ ಕೊಲ್ಲಾಪುರ ಶಾಸನ ಹಾಗೂ 1150ರ ಬಾಮಣಿ ಶಾಸನಗಳು ಇದಕ್ಕೆ ಉದಾಹರಣೆ. ಇವೆರಡೂ ಹಳಗನ್ನಡ ಲಿಪಿಯಲ್ಲಿ ಬರೆದ ಸಂಸ್ಕೃತ ಶಾಸನಗಳೆಂಬುದು ಮುಂದಿನ ಚರ್ಚೆಗೆ ನೆನಪಿನಲ್ಲಿರಬೇಕಾದ ಸಂಗತಿ. ಭೋಜನ ಕಾಲಕ್ಕೆ ಬಂದಾಗ ವಳವಾಡ, ಕೊಲ್ಲಾಪುರಗಳ ಜೊತೆಗೆ ಬೆಟ್ಟದ ಮೇಲಿನ ದುರ್ಗವೂ ಅರಸನ ನೆಲೆಯಾಗಿ ಕಾಣಿಸಿಕೊಳ್ಳುತ್ತದೆ. ಅದರ ಹೆಸರು ಸಂಸ್ಕೃತ ಪಾಠಗಳಲ್ಲಿ ಪ್ರಣಾಲಕ ಎಂದೂ ಪದ್ಮನಾಲ ಎಂದೂ ಬರುತ್ತದೆ.

ಭೋಜನನ್ನು ಸೋಲಿಸಿದ ಸೇವುಣ ಸಿಂಘಣನ ಬಿರುದಾವಳಿಯಲ್ಲಿ ಅದೇ ಸ್ಥಳ ಪನ್ನಾಲವಾಗುತ್ತದೆ. ಆ ಬಳಿಕ ಬಹುಕಾಲದ ನಂತರ, 1673ರಲ್ಲಿ ಶಿವಾಜಿಯ ಸೇನೆ ಈ ಕೋಟೆಯನ್ನು ಮರಳಿ ಪಡೆದುದನ್ನು ವಸ್ತುವಾಗುಳ್ಳ ಜಯರಾಮ ಪಿಂಡ್ಯೆಯ ಸಂಸ್ಕೃತ ಕಾವ್ಯದ ಹೆಸರು 'ಪರ್ಣಾಲಪರ್ವತಗ್ರಹಣಾಖ್ಯಾನ'. ಈ ಕವಿ ಬೆಂಗಳೂರಿನಲ್ಲಿದ್ದ ಶಹಾಜಿಯ ಆಸ್ಥಾನವನ್ನು ಕಂಡವನು. 'ರಾಧಾಮಾಧವವಿಲಾಸ ಚಂಪೂ'ವಿನ ಕರ್ತೃವಾಗಿ ಕರ್ನಾಟಕದ ಸಂಶೋಧಕರಿಗೆ ಪರಿಚಿತನಾದವನು. ಪನ್ನಗಾಲಯ, ಅಂದರೆ ಹಾವುಗಳ ಮನೆ ಎಂಬ ರೂಪ ಕ್ಷೇತ್ರಮಹಿಮೆಯ ಕಥನಗಳಿಗೆ ಸೇರಿದ್ದು; ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿದ್ಧವಾದ ಗ್ಯಾಸೆಟಿಯರ್ ಬರವಣಿಗೆಯ ಮೂಲಕ ಇದಕ್ಕೆ ವ್ಯಾಪಕ ಪ್ರಚಾರ ದೊರೆಯಿತು.

ಈ ರೂಪಗಳ ಅರ್ಥಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಶೇಷ ಹೊಳೆಯುತ್ತದೆ. ಪ್ರಣಾಲವೆಂದರೆ ನೀರು ಹರಿಯುವ ಕಾಲುವೆ. ಪದ್ಮನಾಲವೆಂದರೆ ತಾವರೆಯ ದಂಟು. ಪನ್ನಗಾಲಯವೆಂದರೆ ಹಾವಿನ ಮನೆ. ಪರ್ಣಾಲವು ಪರ್ಣವನ್ನು, ಅಂದರೆ ಎಲೆಯನ್ನು, ನೆನಪಿಸುವ ರೂಪ. ಅರ್ಥದಲ್ಲಿ ಇವುಗಳಿಗೆ ಪರಸ್ಪರ ಯಾವ ನಂಟೂ ಇಲ್ಲ. ಧ್ವನಿಯಲ್ಲಿ ಮಾತ್ರ ಎಲ್ಲವೂ ಪಕಾರದಿಂದ ತೊಡಗುತ್ತವೆ, ನಡುವೆ ಅನುನಾಸಿಕವನ್ನು ಹೊಂದಿವೆ, ದೀರ್ಘ ಆಕಾರದ ಬಳಿಕ ಲಕಾರಕ್ಕೆ ಬರುತ್ತವೆ. ಒಂದು ಸಂಸ್ಕೃತ ಹೆಸರು ಸವೆದು ಹಲವಾಗಿದ್ದರೆ ಅರ್ಥದ ಎಳೆ ಎಲ್ಲಾದರೂ ಉಳಿಯಬೇಕಾಗಿತ್ತು. ಧ್ವನಿ ಉಳಿದು ಅರ್ಥ ಪ್ರತಿಸಲವೂ ಬದಲಾಗಿರುವುದರಿಂದ, ಜನರ ಬಾಯಲ್ಲಿದ್ದ ಒಂದು ಹೆಸರನ್ನು ಬೇರೆ ಬೇರೆ ಕಾಲದ ಬರಹಗಾರರು ತಮ್ಮ ತಮ್ಮ ರೀತಿಯಲ್ಲಿ ಸಂಸ್ಕೃತಕ್ಕೆ ಹೊಂದಿಸಿದರೆಂದು ತಿಳಿಯುವುದೇ ಸರಿಯಾಗುತ್ತದೆ.

ಅರ್ಥದ ಪ್ರಶ್ನೆ

ಹಾಗಾದರೆ ಆ ಬಾಯಿಮಾತಿನ ಹೆಸರಿಗೆ ಅರ್ಥವೇನು? ಮೇಲಿನ ರೂಪಗಳಲ್ಲಿ ಪ್ರಣಾಲಕ್ಕೆ ಮಾತ್ರ ಉಳಿದವುಗಳಿಗಿಲ್ಲದ ಎರಡು ಆಧಾರಗಳಿವೆ.

ಮೊದಲನೆಯದು ಭಾಷಿಕವಾದುದು. ಸಂಸ್ಕೃತದ ಪ್ರಣಾಲ, ಪ್ರಣಾಲೀ ಎಂಬ ಪದಗಳು ಕಾಲುವೆ, ತೂಬು, ನೀರು ಹೊರಹೋಗುವ ದಾರಿ ಎಂಬ ಅರ್ಥಗಳನ್ನು ಹೊಂದಿವೆ. ದೇವಾಲಯದ ಗರ್ಭಗೃಹದಿಂದ ಅಭಿಷೇಕದ ನೀರು ಹೊರಗೆ ಹರಿಯುವ ಬಾಯಿಗೆ ವಾಸ್ತುಗ್ರಂಥಗಳು ಪ್ರಣಾಲವೆಂದೇ ಕರೆಯುತ್ತವೆ. ಕನ್ನಡದಲ್ಲಿ ಇಂದು ಚುನಾವಣೆಯ ಸಂದರ್ಭದಲ್ಲಿ ಕೇಳಿಬರುವ 'ಪ್ರಣಾಳಿಕೆ'ಯೂ ಇದೇ ಕುಟುಂಬದ ಪದ. ಹರಿವ ದಾರಿ ಎಂಬ ಅರ್ಥ ನಡೆಯುವ ಕ್ರಮ ಎಂಬ ಅರ್ಥಕ್ಕೆ ತಿರುಗಿದೆ. ಮರಾಠಿಯಲ್ಲಿ ಇದೇ ಪದ 'ಪನ್ಹಳ' ಎಂಬ ರೂಪದಲ್ಲಿ ಮಳೆನೀರಿನ ದೋಣಿ, ಸಣ್ಣ ಕಾಲುವೆ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಪ್ರಣಾಲವು ಪ್ರಾಕೃತದ ಮೂಲಕ ಬಂದರೆ ಪಣಾಲವಾಗಬೇಕು, ನ್ಹಕಾರ ಎಲ್ಲಿಂದ ಬಂತು ಎಂಬ ಆಕ್ಷೇಪಕ್ಕೆ ಈ ಸಾಮಾನ್ಯ ನಾಮವೇ ಉತ್ತರ ನೀಡುತ್ತದೆ. ಸಾಮಾನ್ಯ ನಾಮದಲ್ಲಿ ನಡೆದ ಧ್ವನಿವ್ಯತ್ಯಾಸ ಸ್ಥಳನಾಮದಲ್ಲಿಯೂ ನಡೆಯಬಹುದಾದುದು.

ಎರಡನೆಯ ಆಧಾರ ಭೌಗೋಳಿಕವಾದುದು. ಈ ಹೆಸರಿನ ಊರು ಒಂದೇ ಅಲ್ಲ. ರತ್ನಾಗಿರಿ ಜಿಲ್ಲೆಯ ದಾಪೋಲಿ ತಾಲ್ಲೂಕಿನಲ್ಲಿ ಕೋಟಜಾಯಿ ಹೊಳೆಯ ಕಣಿವೆಯಲ್ಲಿ ಪನ್ಹಾಳೆ ಕಾಜಿ ಎಂಬ ಊರಿದೆ. ಅಲ್ಲಿ 29 ಗುಹೆಗಳ ಸಮೂಹವಿದೆ. ಆ ಊರಿನಲ್ಲಿ ದೊರೆತ, ಶಕ 1061ರ (ಕ್ರಿ.ಶ. 1139) ತಾಮ್ರಪಟವು ಉತ್ತರ ಕೊಂಕಣದ ಶಿಲಾಹಾರ ಅಪರಾದಿತ್ಯನ ಮಗ ವಿಕ್ರಮಾದಿತ್ಯನದು, ಅದರಲ್ಲಿ ಆ ಊರಿಗೆ ಇರುವ ಹೆಸರೂ ಪ್ರಣಾಲಕವೇ. ಎಂ.ಎನ್. ದೇಶಪಾಂಡೆಯವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗಾಗಿ 1986ರಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆಯೇ ಈ ಸಮೀಕರಣವನ್ನು ಹೇಳುತ್ತದೆ. ಸಹ್ಯಾದ್ರಿಯ ಆಚೆಗೊಂದು, ಈಚೆಗೊಂದು, ಎರಡು ಊರುಗಳಿಗೆ ಒಂದೇ ಬಾಯಿಮಾತಿನ ಹೆಸರು, ಒಂದೇ ಸಂಸ್ಕೃತರೂಪ ಇರುವುದರಿಂದ ಅದು ನೆಲದ ಒಂದು ಲಕ್ಷಣವನ್ನು ಸೂಚಿಸುವ ಸಾಮಾನ್ಯ ಪದವಾಗಿತ್ತೆಂಬುದು ಬಲವಾಗುತ್ತದೆ. ಪನ್ಹಾಳೆ ಕಾಜಿಯಂತೂ ಹೊಳೆಯ ಕಣಿವೆಯಲ್ಲಿಯೇ ಇದೆ. ಕಣಿವೆಗೆ ಸಂದ ಹೆಸರು ಅದರ ಮೇಲಿನ ಬೆಟ್ಟಕ್ಕೂ, ಬೆಟ್ಟದ ಹೆಸರು ಅದರ ಮೇಲಿನ ಕೋಟೆಗೂ ಏರುವುದು ಸ್ಥಳನಾಮಗಳ ಲೋಕದಲ್ಲಿ ಸಹಜವಾದ ನಡೆ.

ಒಂದು ಹೆಸರನ್ನು ಒಂಟಿಯಾಗಿ ನಿಲ್ಲಿಸಿ ಬಿಡಿಸುವುದಕ್ಕಿಂತ ಅದರ ಜೊತೆಯ ಹೆಸರುಗಳೊಂದಿಗೆ ಓದುವುದು ಎಷ್ಟು ಫಲಕಾರಿ ಎಂಬುದಕ್ಕೆ ಪ್ರಸ್ತುತ ಪ್ರದೇಶದಲ್ಲಿಯೇ ನಿದರ್ಶನವಿದೆ. ಚಿಕ್ಕೋಡಿಯನ್ನು ಒಂಟಿಯಾಗಿ ನೋಡಿದವರಿಗೆ ಹಲವು ಊಹೆಗಳು ತೋರಬಹುದು. ಅದೇ ತಾಲ್ಲೂಕಿನ ಹಿರೇಕೋಡಿಯನ್ನು ಪಕ್ಕದಲ್ಲಿಟ್ಟೊಡನೆ ಚಿಕ್ಕ-ಹಿರಿಯ ಎಂಬ ಜೋಡಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಇದಕ್ಕೆ ವಿರುದ್ಧವಾದ ಎಚ್ಚರಿಕೆಯನ್ನು ನಿಪ್ಪಾಣಿ ನೀಡುತ್ತದೆ. 'ಪಾಣಿ' ಎಂಬುದನ್ನು ನೀರೆಂದು ತೆಗೆದುಕೊಂಡು ಮೊದಲಿಗೆ ನಿಷೇಧವನ್ನು ಕಲ್ಪಿಸಿದರೆ ಅದು ನೀರಿಲ್ಲದ ಊರಾಗುತ್ತದೆ. ಸಂಸ್ಕೃತದ 'ನಿಪಾನ'ವನ್ನು ನೆನೆದರೆ ದನಕರು ನೀರು ಕುಡಿಯುವ ತಾಣವಾಗುತ್ತದೆ. ಒಂದೇ ಧ್ವನಿಯಿಂದ ಪರಸ್ಪರ ವಿರುದ್ಧವಾದ ಎರಡು ಅರ್ಥಗಳು ಹೊರಡುವಾಗ, ಕಿವಿಗೆ ಹೊಂದಿದ್ದೆಲ್ಲ ವ್ಯುತ್ಪತ್ತಿಯಲ್ಲ ಎಂಬುದು ಸ್ಪಷ್ಟ. ಪದ್ಮನಾಲ, ಪನ್ನಗಾಲಯಗಳು ನಿಂತಿರುವುದು ಕಿವಿಯ ಈ ಒಪ್ಪಿಗೆಯ ಮೇಲೆ.

ಕನ್ನಡದ ಕಡೆಯಿಂದಲೂ ಈ ಹೆಸರನ್ನು ಬಿಡಿಸಲು ಸಾಧ್ಯವೆಂದು ತೋರಬಹುದು. 'ಪೊನ್' ಎಂಬುದನ್ನು ಪೂರ್ವಪದವಾಗಿ ತೆಗೆದುಕೊಂಡು ಹೊನ್ನಿನ ಊರೆನ್ನುವುದು ಸುಲಭ. ಆದರೆ ಇದಕ್ಕೆ ಎರಡು ತೊಡಕುಗಳಿವೆ. ಒಕಾರವು ಎಲ್ಲ ರೂಪಗಳಲ್ಲಿಯೂ ಅಕಾರವಾಗಲು ಕಾರಣ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಳಗನ್ನಡದ ಪದಾದಿಯ ಪಕಾರ ನಡುಗನ್ನಡದ ವೇಳೆಗೆ ಹಕಾರವಾಗಿದೆ. ಪಲಸಿಗೆ ಹಲಸಿಯಾಯಿತು, ಪುಲಿಗೆರೆ ಹುಲಿಗೆರೆಯಾಯಿತು, ಪಾನುಂಗಲ್ಲು ಹಾನಗಲ್ಲಾಯಿತು. ವಿದ್ವಾಂಸರು ರಾಯಬಾಗದೊಂದಿಗೆ ಗುರುತಿಸಿರುವ ಪೂವಿನ ಬಾಗೆಯೂ ಹೂವಿನ ಬಾಗೆಯಾಯಿತು. ಪನ್ಹಾಳವು ಅಚ್ಚಗನ್ನಡದ ಹೆಸರಾಗಿ ಕನ್ನಡಿಗರ ಬಾಯಲ್ಲಿಯೇ ಉಳಿದು ಬಂದಿದ್ದರೆ ಇಂದು ಹಕಾರದಿಂದ ತೊಡಗಬೇಕಾಗಿತ್ತು. ಹಾಗಾಗಿಲ್ಲ. ಆದುದರಿಂದ ಪ್ರಾಕೃತ-ಮರಾಠಿ ಮಾರ್ಗದ, ಕಾಲುವೆ ಅಥವಾ ಕಣಿವೆ ಎಂಬರ್ಥದ ಸಾಮಾನ್ಯ ನಾಮವೇ ಈ ಹೆಸರಿನ ಮೂಲವೆಂಬ ಪಕ್ಷ ಹೆಚ್ಚು ಸಮರ್ಥನೀಯವಾಗಿದೆ.

ಹಾವು ಮತ್ತು ಗರುಡ

ಮೂಲಾರ್ಥ ಯಾವುದೇ ಇರಲಿ, ಹೆಸರಿನ ಮೇಲೆ ಹೇರಿದ ಅರ್ಥಗಳು ಚರಿತ್ರೆಯ ದೃಷ್ಟಿಯಿಂದ ನಿರರ್ಥಕವಲ್ಲ. ಇದಕ್ಕೆ ಅತ್ಯುತ್ತಮ ಸಾಕ್ಷಿ ಸಿಂಘಣನ ಬಿರುದು. ಅದರಲ್ಲಿ ಪನ್ನಾಲವನ್ನು ನೆಲೆಯಾಗಿ ಮಾಡಿಕೊಂಡ ಪ್ರಬಲನಾದ ಭೋಜಭೂಪಾಲನು ಒಂದು ಸರ್ಪ. ಅವನನ್ನು ಓಡಿಸಿದ ಸಿಂಘಣನು ಪಕ್ಷಿರಾಜನಾದ ಗರುಡ. ಮೇಲ್ನೋಟಕ್ಕೆ ಇದು ಪ್ರಶಸ್ತಿಕಾರರ ವಾಡಿಕೆಯ ರೂಪಕ. ಆದರೆ ಸೋತವನ ವಂಶಪರಂಪರೆಯನ್ನು ಪಕ್ಕದಲ್ಲಿಟ್ಟು ಓದಿದಾಗ ಅದರ ಮೊನೆ ಕಾಣುತ್ತದೆ.

ಶಿಲಾಹಾರರು ತಮ್ಮನ್ನು ವಿದ್ಯಾಧರ ಜೀಮೂತವಾಹನನ ವಂಶದವರೆಂದು ಹೇಳಿಕೊಂಡವರು. ಗರುಡನಿಗೆ ಆಹಾರವಾಗಬೇಕಿದ್ದ ನಾಗನನ್ನು ಉಳಿಸಲು ಬಂಡೆಯ ಮೇಲೆ ತನ್ನ ದೇಹವನ್ನೇ ಒಪ್ಪಿಸಿದವನು ಜೀಮೂತವಾಹನ. ಶಿಲೆಯ ಮೇಲೆ ಆಹಾರವಾದವನ ಕುಲ ಎಂಬುದರಿಂದಲೇ ಶಿಲಾಹಾರ ಎಂಬ ಹೆಸರಿಗೆ ಅರ್ಥ ಹೇಳುವ ವಾಡಿಕೆಯಿದೆ. ಇಷ್ಟಾಗಿಯೂ ಅವರ ಧ್ವಜಲಾಂಛನ ಸುವರ್ಣಗರುಡ. ನಾಗರ ರಕ್ಷಕನ ವಂಶವೂ, ಗರುಡನ ಧ್ವಜವೂ ಒಂದೇ ಬಿರುದಾವಳಿಯಲ್ಲಿ ಸೇರಿಕೊಂಡಿದ್ದವು. ಸೇವುಣರ ಪ್ರಶಸ್ತಿಕಾರನು ಗರುಡನನ್ನು ತನ್ನ ಒಡೆಯನಿಗೆ ಕೊಟ್ಟು, ಭೋಜನಿಗೆ ಹಾವಿನ ಪಾತ್ರವನ್ನು ಮಾತ್ರ ಉಳಿಸಿದನು. ಹೀಗೆ ಮಾಡಲು ಅವನಿಗೆ ನೆರವಾದುದು ಊರಿನ ಹೆಸರು. ಪನ್ನಾಲವೆನ್ನುವಾಗ ಪನ್ನಗವೆಂಬ ಪದ ಕಿವಿಗೆ ತಟ್ಟದೆ ಇರುವುದಿಲ್ಲ. ಪನ್ನಾಲದಲ್ಲಿ ನೆಲೆಸಿದವನು ಹಾವಾಗುವುದು ಕವಿಗೆ ಸಹಜವಾಗಿ ಒದಗಿಬಂದ ಶ್ಲೇಷದ ಅವಕಾಶ.

ಈ ದೃಷ್ಟಿಯಿಂದ ಪನ್ನಗಾಲಯವೆಂಬ ರೂಪವನ್ನು ಮರುಪರಿಶೀಲಿಸಬೇಕು. ಊರಿನ ಆದಿಮ ಹೆಸರು ಪನ್ನಗಾಲಯವಾಗಿದ್ದು ಅದು ಸವೆದು ಪನ್ಹಾಳವಾಯಿತೆಂಬ ಹೇಳಿಕೆ ಹಲವು ಪರಿಚಯಗ್ರಂಥಗಳಲ್ಲಿದೆ. ಕಾಲಕ್ರಮ ಇದಕ್ಕೆ ವಿರುದ್ಧವಾಗಿದೆ. ಹನ್ನೆರಡನೆಯ ಶತಮಾನದ ರಾಜಶಾಸನಗಳು ಪ್ರಣಾಲಕ, ಪದ್ಮನಾಲಗಳನ್ನು ಬಳಸುತ್ತವೆ. ಹಾವಿನ ಅರ್ಥ ಶತ್ರುವಿನ ಬಿರುದಿನಲ್ಲಿ ಹದಿಮೂರನೆಯ ಶತಮಾನದಲ್ಲಿ ಕಾಣಿಸಿಕೊಳ್ಳುತ್ತದೆ. ತಮ್ಮ ದುರ್ಗದ ಹೆಸರು ಹಾವಿನ ಮನೆಯೆಂದೇ ಪ್ರಸಿದ್ಧವಾಗಿದ್ದರೆ, ನಾಗರಕ್ಷಕನ ವಂಶದವರೆಂದು ಹೆಮ್ಮೆಪಟ್ಟ ಶಿಲಾಹಾರರೇ ಅದನ್ನು ಮೊದಲು ಬಳಸಿಕೊಳ್ಳುತ್ತಿದ್ದರು. ಅವರು ಆರಿಸಿದ್ದು ತಾವರೆಯ ದಂಟನ್ನು. ಕೊಲ್ಲಾಪುರದ ಮಹಾಲಕ್ಷ್ಮಿಯ ವರಪ್ರಸಾದವನ್ನು ಪಡೆದವರೆಂದು ಬಿರುದು ಧರಿಸಿದ ಅರಸರಿಗೆ ಪದ್ಮವು ಹತ್ತಿರವಾದ ಪದವಾಗಿದ್ದುದು ಆಶ್ಚರ್ಯವಲ್ಲ. ಆಳುವವರಿಗೆ ತಾವರೆ, ಗೆದ್ದವರಿಗೆ ಹಾವು, ಕ್ಷೇತ್ರಮಹಿಮೆಯ ಕಥೆಗಾರರಿಗೆ ನಾಗರ ತಾಣ - ಒಂದೇ ಧ್ವನಿಗೆ ಮೂರು ಅಗತ್ಯಗಳು ಮೂರು ಅರ್ಥಗಳನ್ನು ಕೊಟ್ಟವು.

ಬಳಕೆಯ ಸ್ತರಗಳು

ಹೆಸರಿನ ಅರ್ಥದಷ್ಟೇ ಮುಖ್ಯವಾದುದು ಅದರೊಂದಿಗೆ ಯಾವ ಪದ ಸೇರುತ್ತದೆ ಎಂಬುದು. ಶಿಲಾಹಾರರ ಮೂರು ನೆಲೆಗಳ ಹೆಸರುಗಳಲ್ಲಿಯೇ ಮೂರು ಬಗೆಯ ವಸತಿಗಳು ಸೂಚಿತವಾಗಿವೆ. ಕೊಲ್ಲಾಪುರವು ಪುರ, ಅಂದರೆ ದೇವಾಲಯ ಮತ್ತು ಸಂತೆಯ ನಗರ. ನಿಂಬದೇವನು ಅಲ್ಲಿ ಬಸದಿಗಳನ್ನು ಕಟ್ಟಿಸಿದುದೂ ಇಂತಹ ನಗರಜೀವನದ ನಡುವೆಯೇ. ವಳವಾಡದಲ್ಲಿರುವುದು ವಾಡ, ಕಾಗವಾಡದ ಹೆಸರಿನಲ್ಲಿಯೂ ಇದೇ ಉತ್ತರಪದ ಕಾಣುತ್ತದೆ. ಪನ್ಹಾಳಕ್ಕೆ ಸೇರುವ ಪದ ದುರ್ಗ. ಅರಸನ ನೆಲೆವೀಡು ವಾಡದಿಂದ ದುರ್ಗಕ್ಕೆ ಏರಿದುದನ್ನು ಕೇವಲ ರಾಜಧಾನಿಯ ಬದಲಾವಣೆ ಎನ್ನುವಂತಿಲ್ಲ. ಕಲ್ಯಾಣದ ಚಾಲುಕ್ಯರ ಅಧಿಕಾರ ಕುಸಿದು ರಟ್ಟ, ಸೇವುಣ, ಹೊಯ್ಸಳರು ಪೈಪೋಟಿಗಿಳಿದಿದ್ದ ದಶಕಗಳಲ್ಲಿ ಭೋಜನು ಸ್ವತಂತ್ರನಾಗಿ ಆಳಹೊರಟವನು. ಆ ಕಾಲದಲ್ಲಿ ದುರ್ಗದ ಹೆಸರು ಶಾಸನದಲ್ಲಿ ಮುಂದೆ ಬರುವುದು ರಾಜಕೀಯ ಸ್ಥಿತಿಯ ಸೂಚನೆ.

ಬಿರುದಿನಲ್ಲಿರುವ ಊರಿನ ಹೆಸರನ್ನೂ ನೆಲೆವೀಡಿನ ಹೆಸರನ್ನೂ ಬೆರೆಸಬಾರದು. ಶಿಲಾಹಾರರು ತಗರಪುರವರಾಧೀಶ್ವರರು, ತಗರವೆಂದರೆ ಇಂದಿನ ತೇರ. ರಟ್ಟರು ಲತ್ತಲೂರುಪುರವರಾಧೀಶ್ವರರು, ಲತ್ತಲೂರೆಂದರೆ ಲಾತೂರು. ಆ ಹೆಸರುಗಳು ವಂಶಮೂಲದ ನೆನಪನ್ನು ಹೊತ್ತಿವೆಯೇ ಹೊರತು ಆಳ್ವಿಕೆಯ ಕೇಂದ್ರವನ್ನಲ್ಲ. ಪನ್ಹಾಳದ ಹೆಸರು ಕುಲಗೌರವದ ಸ್ಥಾನಕ್ಕೆ ಏರಲಿಲ್ಲ. ಭೋಜನ ಸ್ವಂತ ಶಾಸನಗಳಲ್ಲಿ ಅದು ವಾಸಸ್ಥಾನ. ಶತ್ರುವಿನ ಬಿರುದಿನಲ್ಲಿ ಅವನನ್ನು ಗುರುತಿಸುವ ವಿಶೇಷಣ.

ಮುಂದೆ ಆದಿಲಶಾಹಿ ಮತ್ತು ಮರಾಠಾ ಕಾಲಗಳಲ್ಲಿ ದುರ್ಗದ ಸ್ಥಾನಕ್ಕೆ 'ಗಡ' ಬಂದು ಪನ್ಹಾಳಗಡವಾಯಿತು. ಶಿವಾಜಿಯ ಕಾಲದಲ್ಲಿ ಹಲವು ಕೋಟೆಗಳಿಗೆ ಹೊಸ ಹೆಸರುಗಳು ಬಂದವು. ರಾಯರಿ ರಾಯಗಡವಾಯಿತು, ಖೇಳಣಾ ವಿಶಾಳಗಡವಾಯಿತು. 1659ರಲ್ಲಿ ವಶವಾಗಿ, 1660ರ ಮುತ್ತಿಗೆಯ ಬಳಿಕ ಕೈತಪ್ಪಿ, 1673ರಲ್ಲಿ ಮತ್ತೆ ದೊರೆತ ಪನ್ಹಾಳದ ಹೆಸರು ಮಾತ್ರ ಉಳಿದುಕೊಂಡಿತು. 1701ರಲ್ಲಿ ಔರಂಗಜೇಬನ ಕೈಸೇರಿ ಮುಂದೆ ತಾರಾಬಾಯಿಯ ರಾಜಧಾನಿಯಾದಾಗಲೂ, 1782ರಲ್ಲಿ ರಾಜಧಾನಿ ಕೊಲ್ಲಾಪುರಕ್ಕೆ ಇಳಿದಾಗಲೂ ಜನ ಬಳಸಿದುದು ಅದೇ ಹೆಸರನ್ನು. ಜಯರಾಮನ ಪರ್ಣಾಲವು ಕಾವ್ಯದ ಹೊರಗೆ ಬೇರೂರಲಿಲ್ಲ. ಪದ್ಮನಾಲವು ಶಾಸನದ ಹೊರಗೆ ಬರಲಿಲ್ಲ. ಇಂದು ಪನ್ಹಾಳವೆಂದರೆ ಕೋಟೆ, ಗಿರಿಪಟ್ಟಣ, ತಾಲ್ಲೂಕು - ಈ ಮೂರೂ ಹೌದು. ಸಂದರ್ಭವನ್ನು ನೋಡಿಯೇ ಅರ್ಥವನ್ನು ನಿಶ್ಚಯಿಸಬೇಕಾಗುತ್ತದೆ.

ಊಹೆಯ ಗುರುತುಗಳು

ಹೆಸರಿನ ಬಳಕೆಯನ್ನು ಕುರಿತ ವಿವೇಚನೆಯಲ್ಲಿ ಎರಡು ಬಗೆಯ ಆತುರಗಳು ಕಾಣಿಸುತ್ತವೆ. ಒಂದು, ಬೇರೆ ಹೆಸರನ್ನು ಪನ್ಹಾಳಕ್ಕೆ ತಂದು ಸೇರಿಸುವುದು. ಶಿಲಾಹಾರ ಮಾರಸಿಂಹನ ಶಕ 980ರ (ಕ್ರಿ.ಶ. 1058) ಮಿರಜ ತಾಮ್ರಪಟದಲ್ಲಿ ಖಿಳಿಗಿಲದುರ್ಗವು ಅವನ ನೆಲೆಯಾಗಿ ಬರುತ್ತದೆ. ಇದು ಪನ್ಹಾಳದ ಇನ್ನೊಂದು ಹೆಸರಿರಬಹುದೆಂಬ ಊಹೆ ಹತ್ತೊಂಬತ್ತನೆಯ ಶತಮಾನದಿಂದಲೂ ನಡೆದುಬಂದಿದೆ. ಎರಡೂ ದುರ್ಗಗಳು, ಎರಡೂ ಒಂದೇ ವಂಶದವು ಎಂಬುದನ್ನು ಬಿಟ್ಟರೆ ಈ ಸಮೀಕರಣಕ್ಕೆ ಧ್ವನಿಯ ಆಧಾರವಿಲ್ಲ. ಅದನ್ನು ಊಹೆಯೆಂದೇ ಉಳಿಸಿಕೊಳ್ಳಬೇಕು. ಪನ್ಹಾಳದ ಪ್ರಾಚೀನ ನಾಮಗಳ ಪಟ್ಟಿಗೆ ಸೇರಿಸಬಾರದು. ಹಾಗೆ ಸೇರಿಸಿದರೆ ಭೋಜನ ಕಾಲದಲ್ಲಿ ದುರ್ಗದ ನೆಲೆವೀಡು ಪಡೆದ ಪ್ರಾಮುಖ್ಯವು ಒಂದು ಶತಮಾನಕ್ಕೂ ಹಿಂದಕ್ಕೆ ಸರಿದು, ರಾಜಕೀಯ ಚರಿತ್ರೆಯೇ ತಪ್ಪುತ್ತದೆ. ಪ್ರಣಾಲಕವೆಂಬ ಹೆಸರು ಕಂಡಲ್ಲೆಲ್ಲ ಕೊಲ್ಲಾಪುರದ ಪನ್ಹಾಳವನ್ನೇ ಕಾಣುವುದೂ ಇಂತಹುದೇ ದೋಷ. 1139ರ ಪ್ರಣಾಲಕ ಕೊಂಕಣದ್ದು.

ಎರಡನೆಯದು, ಪನ್ಹಾಳದ ಅರಸನನ್ನು ಬೇರೆ ಊರಿನ ಹೆಸರಿಗೆ ಕೊಂಡೊಯ್ಯುವುದು. ನಿಪ್ಪಾಣಿಯ ಕಡೆಯ ಭೋಜ ಎಂಬ ಊರಿನ ಹೆಸರು ಶಿಲಾಹಾರ ಭೋಜನನ್ನು ನೆನಪಿಗೆ ತರುವುದು ಸಹಜ. ಆದರೆ ಆ ಊರಿನಲ್ಲಿ ದೊರೆತ 1208ರ ತಾಮ್ರಪಟ ರಟ್ಟರ ನಾಲ್ವಡಿ ಕಾರ್ತವೀರ್ಯನದು. ಪನ್ಹಾಳದಲ್ಲಿ ಭೋಜನು ಇನ್ನೂ ಆಳುತ್ತಿದ್ದ ಕಾಲದ ರಟ್ಟರ ದಾನಪತ್ರ ಅವನ ಹೆಸರನ್ನೇ ಹೋಲುವ ಊರಿನಲ್ಲಿ ಸಿಕ್ಕಿರುವುದು, ಹ���ಸರಿನ ಹೋಲಿಕೆಯೊಂದನ್ನೇ ನಂಬಿ ಆಳ್ವಿಕೆಯ ಎಲ್ಲೆಯನ್ನು ಗೆರೆ ಎಳೆಯಲಾಗದೆಂಬುದಕ್ಕೆ ಉತ್ತಮ ಪಾಠ.

ಎಲ್ಲೆಯನ್ನು ತಿಳಿಯಲು ಹೆಸರಿಗಿಂತ ದತ್ತಿಯ ಶಾಸನಗಳೇ ನಂಬಬಹುದಾದ ಆಧಾರ. ಕಾಗವಾಡ ತಾಲ್ಲೂಕಿನ ಜುಗೂಳದ ಎದುರು, ಕೃಷ್ಣೆಯ ಆಚೆ ದಡದಲ್ಲಿರುವ ಖಿದ್ರಾಪುರದ ಕೊಪ್ಪೇಶ್ವರ ದೇವಾಲಯದಲ್ಲಿ ಸಿಂಘಣನ ಶಕ 1136ರ (ಕ್ರಿ.ಶ. 1213-14) ದತ್ತಿಶಾಸನವಿದೆ. ಪನ್ಹಾಳದ ಅರಸನ ನಾಡು ಸೇವುಣರ ಕೈಸೇರಿದುದನ್ನು ತಿಳಿಸುವ ಪ್ರಮುಖ ದಾಖಲೆ ಇದು. ಬೆಟ್ಟದ ಮೇಲಿನ ದುರ್ಗದ ಪತನವು ಬಯಲಿನ ಹೊಳೆದಂಡೆಯ ಶಿಲೆಯಲ್ಲಿ ಹೀಗೆ ಓದಲು ಸಿಗುತ್ತದೆ.

ವ್ಯುತ್ಪತ್ತಿ ಮತ್ತು ಗಡಿ

ಈ ಪ್ರದೇಶದ ಸ್ಥಳನಾಮಗಳ ಚರ್ಚೆ ಶುದ್ಧ ಭಾಷಾಶಾಸ್ತ್ರದ ಚರ್ಚೆಯಾಗಿ ಉಳಿದಿಲ್ಲ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಪನ್ಹಾಳವೂ ಅದೇ ಸಂಸ್ಥಾನದಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ 1967ರಲ್ಲಿ ವರದಿ ಸಲ್ಲಿಸಿತು. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಇಂತಹ ವಾತಾವರಣದಲ್ಲಿ ಊರಿನ ಹೆಸರು ಪುರಾವೆಯಾಗಿ ಮಂಡನೆಗೊಳ್ಳುವುದು ಅನಿವಾರ್ಯವಾಯಿತು. ಹೆಸರು ಯಾರ ಭಾಷೆಯದೋ ಊರು ಅವರದು ಎಂಬ ತರ್ಕ ಎರಡೂ ಕಡೆಗಳಲ್ಲಿ ಬೆಳೆಯಿತು.

ಈ ತರ್ಕಕ್ಕೆ ಬೌದ್ಧಿಕ ಹಿನ್ನೆಲೆಯನ್ನು ಒದಗಿಸಿದ ಇಬ್ಬರು ದೊಡ್ಡ ವಿದ್ವಾಂಸರೂ ಗಡಿವಾದಕ್ಕಿಂತ ಹಿಂದೆಯೇ ತಮ್ಮ ಕೆಲಸವನ್ನು ಆರಂಭಿಸಿದವರು. ಮರಾಠಿಯ ವಿ.ಕಾ. ರಾಜವಾಡೆಯವರು (1863-1926) ಮಹಾರಾಷ್ಟ್ರದ ಸ್ಥಳನಾಮಗಳನ್ನು ಅಪಾರ ಶ್ರಮದಿಂದ ಸಂಗ್ರಹಿಸಿ ಅವುಗಳನ್ನು ಹೆಚ್ಚಾಗಿ ಸಂಸ್ಕೃತಕ್ಕೆ ಕೊಂಡೊಯ್ದರು. ಕನ್ನಡದ ಶಂ.ಬಾ. ಜೋಶಿಯವರು (1896-1991) 'ಕಣ್ಮರೆಯಾದ ಕನ್ನಡ'ದಲ್ಲಿಯೂ ಮುಂದಿನ ಬರಹಗಳಲ್ಲಿಯೂ ಮಹಾರಾಷ್ಟ್ರದ ಊರುಗಳ ಹೆಸರಿನ ಅಡಿಯಲ್ಲಿರುವ ಕನ್ನಡದ ಸ್ತರವನ್ನು ತೋರಿಸಿಕೊಟ್ಟರು. ರಾಜವಾಡೆಯವರ ದಾರಿಯ ಮಿತಿಯೆಂದರೆ, ಶಾಸನದ ಸಂಸ್ಕೃತರೂಪವನ್ನು ಮೂಲವೆಂದು ನಂಬುವಂತೆ ಅದು ಓದುಗರನ್ನು ಪ್ರೇರಿಸುತ್ತದೆ. ಆ ದಾರಿಯಲ್ಲಿ ನಡೆದವರಿಗೆ ಪದ್ಮನಾಲವು ಮೂಲರೂಪವೆಂದೇ ತೋರುತ್ತದೆ. ಶಂ.ಬಾ. ಅವರ ದಾರಿಯ ಬಲ, ಸಂಸ್ಕೃತದ ಉಡುಪಿನ ಹಿಂದೆ ನಾಡಮಾತನ್ನು ಹುಡುಕುವ ಎಚ್ಚರ. ಆ ಎಚ್ಚರವನ್ನು ಪನ್ಹಾಳಕ್ಕೆ ಅನ್ವಯಿಸಿದರೆ ಸಿಗುವ ನಾಡಮಾತು ಕನ್ನಡವಾಗಿರದೆ ಪ್ರಾಕೃತ-ಮರಾಠಿಯಾಗಿರುವುದು ಅವರ ವಿಧಾನವನ್ನು ಅಲ್ಲಗಳೆಯುವುದಿಲ್ಲ. ವಿಧಾನವು ಪ್ರಾಮಾಣಿಕವಾಗಿದ್ದರೆ ಅದರ ಫಲಿತಾಂಶ ಸಂಶೋಧಕನ ಇಚ್ಛೆಯನ್ನು ಕೇಳುವುದಿಲ್ಲವೆಂಬುದನ್ನು ತೋರಿಸುತ್ತದೆ.

ಅದೇ ವೇಳೆ, ಪನ್ಹಾಳವೆಂಬ ಪದ ಮರಾಠಿಯದೆಂದ ಮಾತ್ರಕ್ಕೆ ಅದನ್ನು ಆಳಿದವರ ಬರಹಲೋಕ ಕನ್ನಡದಿಂದ ದೂರವಿತ್ತೆಂದಾಗುವುದಿಲ್ಲ. ಈ ಅರಸುಮನೆಯ ಕಾಲದ ಹಲವು ಶಾಸನಗಳ ಭಾಷೆ ಕನ್ನಡ. ಸಂಸ್ಕೃತದಲ್ಲಿ ಬರೆಸಿದಾಗಲೂ ಲಿಪಿ ಹಳಗನ್ನಡವಾಗಿರುವ ಉದಾಹರಣೆಗಳನ್ನು ಮೇಲೆ ನೋಡಿದೆ. ಇಮ್ಮಡಿ ಭೋಜನ ಆಳ್ವಿಕೆಯಲ್ಲಿ, 1205ರಲ್ಲಿ, ಆಜರೆಯ ಬಸದಿಯಲ್ಲಿ ಸೋಮದೇವನು 'ಶಬ್ದಾರ್ಣವಚಂದ್ರಿಕೆ'ಯೆಂಬ ಸಂಸ್ಕೃತ ವ್ಯಾಕರಣವನ್ನು ರಚಿಸಿದನು. ಬೆಟ್ಟಕ್ಕೆ ಮರಾಠಿಯ ಹೆಸರು, ಶಾಸನಕ್ಕೆ ಕನ್ನಡದ ಲಿಪಿ ಮತ್ತು ಭಾಷೆ, ಪಾಂಡಿತ್ಯಕ್ಕೆ ಸಂಸ್ಕೃತ - ಈ ಮೂರೂ ಒಂದೇ ರಾಜ್ಯದೊಳಗೆ ಸಂಘರ್ಷವಿಲ್ಲದೆ ಇದ್ದವು. ಹೆಸರಿನ ಭಾಷೆಯಿಂದ ಆಡಳಿತದ ಭಾಷೆಯನ್ನಾಗಲಿ, ಆಡಳಿತದ ಭಾಷೆಯಿಂದ ಜನರೆಲ್ಲರ ಭಾಷೆಯನ್ನಾಗಲಿ ನಿರ್ಧರಿಸಲು ಹೊರಡುವುದು ಆ ಕಾಲದ ಸಹಜ ಸ್ಥಿತಿಗೆ ಇಂದಿನ ನಕ್ಷೆಯನ್ನು ಹೇರಿದಂತಾಗುತ್ತದೆ.

ಸಮಾರೋಪ

2025ರ ಜುಲೈಯಲ್ಲಿ 'ಭಾರತದ ಮರಾಠಾ ಸೈನಿಕ ಭೂದೃಶ್ಯಗಳು' ಎಂಬ ಶೀರ್ಷಿಕೆಯಡಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ 12 ಕೋಟೆಗಳಲ್ಲಿ ಪನ್ಹಾಳವೂ ಒಂದು. ಹದಿನೇಳು-ಹದಿನೆಂಟನೆಯ ಶತಮಾನಗಳ ಸೈನಿಕ ಮಹತ್ತ್ವಕ್ಕೆ ಸಂದ ಈ ಮನ್ನಣೆ ಉಚಿತವಾದುದು. ಆದರೆ ಇಂತಹ ಶೀರ್ಷಿಕೆಗಳಿಗೆ ಹೆಸರಿನ ಚರಿತ್ರೆಯನ್ನು ಒಂದೇ ಯುಗಕ್ಕೆ ಕಟ್ಟಿಹಾಕುವ ಶಕ್ತಿಯಿದೆ. ಶಿವಾಜಿಗಿಂತ ನಾಲ್ಕೂವರೆ ಶತಮಾನಗಳ ಹಿಂದೆಯೇ ಶಾಸನಗಳಲ್ಲಿ ಚಲಾವಣೆಯಲ್ಲಿದ್ದ ಹೆಸರು ಇದು ಎಂಬುದನ್ನು ನೆನಪಿನಲ್ಲಿಡುವ ಹೊಣೆ ಕನ್ನಡದ ಸಂಶೋಧಕರಿಗೂ ಇದೆ. ಆ ನೆನಪಿನ ಒಂದು ಭಾಗ ಹಳಗನ್ನಡ ಲಿಪಿಯಲ್ಲಿದೆ.

ಪ್ರಾಯೋಗಿಕವಾಗಿ ಇದರಿಂದ ಕೆಲವು ನಿರ್ಣಯಗಳು ಹೊರಡುತ್ತವೆ. ಶಾಸನಸೂಚಿಗಳಲ್ಲಿ, ಗ್ರಂಥಾಲಯಗಳ ವಿಷಯಸೂಚಿಗಳಲ್ಲಿ 'ಪನ್ಹಾಳ' ಎಂಬುದನ್ನೇ ಮುಖ್ಯ ಉಲ್ಲೇಖವಾಗಿ ಇರಿಸಿಕೊಳ್ಳುವುದು ಯುಕ್ತ. ಪನ್ನಾಲ, ಪದ್ಮನಾಲ, ಪರ್ಣಾಲ, ಪನ್ನಗಾಲಯಗಳಿಂದ ಅದರ ಕಡೆಗೆ ಸೂಚನೆ ಕೊಟ್ಟು, ಪ್ರತಿಯೊಂದರ ಮುಂದೆ ಅದು ಯಾವ ಬಗೆಯ ಬರಹಕ್ಕೆ, ಯಾವ ಕಾಲಕ್ಕೆ ಸೇರಿದ್ದೆಂಬುದನ್ನು ನಮೂದಿಸಬೇಕು. ಪ್ರಣಾಲಕಕ್ಕೆ ಎರಡು ಉಲ್ಲೇಖಗಳಿರಬೇಕು. ಒಂದು ಕೊಲ್ಲಾಪುರದ ಪನ್ಹಾಳಕ್ಕೆ, ಇನ್ನೊಂದು ಕೊಂಕಣದ ಪನ್ಹಾಳೆ ಕಾಜಿಗೆ. ಖಿಳಿಗಿಲವನ್ನು ಪ್ರತ್ಯೇಕವಾಗಿಯೇ ಇರಿಸಬೇಕು. ಚಿಕ್ಕೋಡಿಯಿಂದ ಕಾಗವಾಡದವರೆಗಿನ ಊರುಗಳ ಹೆಸರುಗಳಿಗೂ ಇದೇ ಕ್ರಮವನ್ನು ಅನ್ವಯಿಸಿ, ಜೊತೆಯ ಹೆಸರು, ಧ್ವನಿನಿಯಮ, ಬರಹದ ಕಾಲ ಈ ಮೂರನ್ನೂ ಪರೀಕ್ಷಿಸಿದ ಬಳಿಕವೇ ಅರ್ಥವನ್ನು ಹೇಳುವ ಪದ್ಧತಿ ಬೆಳೆದರೆ, ಗಡಿಯ ಎರಡೂ ಬದಿಯ ವಿದ್ವಾಂಸರು ಒಂದೇ ಸೂಚಿಯನ್ನು ನಂಬಿ ಬಳಸಲು ಸಾಧ್ಯವಾಗುತ್ತದೆ.